ಹೊಟ್ಟು ಮೇವಲ್ಲ

ನಾನು ಡಾಕ್ಟರೇಟ್ ಪಡೆದದ್ದು ದನದ ಹಲ್ಲಿನ ಮೇಲೆ. ಕೇಳಿದವರು ಮೊದಲು ನಗುತ್ತಾರೆ, ಆಮೇಲೆ "ದನದ ಡಾಕ್ಟರೇನ್ರಿ?" ಎನ್ನುತ್ತಾರೆ. ಅಲ್ಲ. ನಾನು ನೋಡುವ ದನಗಳು ಸತ್ತು ಸಾವಿರಾರು ವರ್ಷಗಳಾಗಿವೆ. ಅವು ಯಾವ ಕಾಲದಲ್ಲಿ ಏನು ತಿಂದಿದ್ದವು ಎಂಬುದನ್ನು ನಾನು ಹೇಳಬಲ್ಲೆ. ನಮ್ಮ ಮನೆಯಲ್ಲಿ ನನಗಿಂತ ಮೊದಲು ಹತ್ತನೆಯ ಇಯತ್ತೆ ದಾಟಿದವರಿಲ್ಲ. ಅಪ್ಪ ನಾಲ್ಕನೆಯದಕ್ಕೆ ಬಿಟ್ಟವನು. ಅವ್ವ ಶಾಲೆಯ ಹೊಸ್ತಿಲು ದಾಟಿದ್ದು ಮತ ಹಾಕುವುದಕ್ಕೆ ಮಾತ್ರ. ಅಂಥ ಮನೆಯಿಂದ ಹೊರಟು ಈ ಕೆಲಸಕ್ಕೆ ಮುಟ್ಟಿದ್ದು ದೊಡ್ಡ ಮಾತೇ. ಅದನ್ನು ಸಣ್ಣದು ಮಾಡಿ ಹೇಳುವ ವಿನಯ ನನಗಿಲ್ಲ.

ನಮ್ಮೂರು ನವಲಗುಂದ ತಾಲೂಕಿನದು. ಊರಾಚೆ ಹಳ್ಳದ ದಂಡೆಗೆ ಒಂದು ದಿಬ್ಬವಿದೆ. ಸುತ್ತೆಲ್ಲ ಕರಿ ಎರೆಮಣ್ಣು, ದಿಬ್ಬ ಮಾತ್ರ ಬೂದಿಬಣ್ಣ. ಹಿಂದೆ ಯಾವುದೋ ಕಾಲದಲ್ಲಿ ಅಲ್ಲಿ ಊರಿತ್ತೆಂದು ಹಿರಿಯರು ಅದಕ್ಕೆ ಹಾಳೂರು ಎನ್ನುತ್ತಿದ್ದರು. ಆ ಮಣ್ಣು ಬೆಳೆಗೆ ಒಳ್ಳೆಯದೆಂದು ಚಕ್ಕಡಿ ಹೇರಿಕೊಂಡು ಬಂದು ಹೊಲಕ್ಕೆ ಚೆಲ್ಲುತ್ತಿದ್ದರು. ನಾನೂ ಬುಟ್ಟಿ ಹೊತ್ತಿದ್ದೇನೆ. ಮಣ್ಣಿನಲ್ಲಿ ಎಲುಬು ಸಿಕ್ಕರೆ ಬದುವಿನ ಕಡೆಗೆ ಎಸೆಯುತ್ತಿದ್ದೆವು. ನಾನು ಎಂ.ಎ. ಮುಗಿಸಿ ಪುರಾತತ್ವದಲ್ಲಿ ಸಂಶೋಧನೆಗೆ ಸೇರಿದ ವರ್ಷ ನಮ್ಮ ವಿಭಾಗದವರು ಅದೇ ದಿಬ್ಬವನ್ನು ಅಗೆದರು. ಮಡಕೆಚೂರು, ಕಲ್ಲಿನ ಕೊಡಲಿ, ಸುಟ್ಟ ಹುರುಳಿ ಮತ್ತು ಹೆಸರುಕಾಳು, ದನದ ದವಡೆಗಳು ಸಿಕ್ಕವು. ದವಡೆಗಳ ಟ್ರೇಯನ್ನು ನನ್ನ ಮಾರ್ಗದರ್ಶಕರು ನನ್ನ ಮುಂದಿಟ್ಟು, "ಇದು ನಿನ್ನ ಪಾಲು, ನೋಡಮ್ಮ" ಎಂದರು. ಅವರು ಮೈಸೂರು ಕಡೆಯವರು, ಕೆಲಸದಲ್ಲಿ ಬಹಳ ಕಟ್ಟುನಿಟ್ಟು.

ಆ ಕೆಲಸ ಏನೆಂದು ಇಲ್ಲೇ ಹೇಳಿಬಿಡುತ್ತೇನೆ. ಇಂಗಾಲದಲ್ಲಿ ಎರಡು ತೂಕದ ಪರಮಾಣುಗಳಿವೆ, ಹಗುರಾದದ್ದು ಒಂದು, ತುಸು ಭಾರವಾದದ್ದು ಒಂದು. ಇವಕ್ಕೆ ಐಸೊಟೋಪ್ ಎನ್ನುತ್ತಾರೆ. ಜೋಳ, ಸಜ್ಜೆ, ನವಣೆ ಮತ್ತು ನಮ್ಮ ಕಡೆಯ ಮಳೆಗಾಲದ ಬಹುಪಾಲು ಹುಲ್ಲು ಭಾರದ ಇಂಗಾಲವನ್ನು ಹೆಚ್ಚು ಉಳಿಸಿಕೊಳ್ಳುತ್ತವೆ. ಭತ್ತ, ಗೋಧಿ, ಕಡಲೆ, ಹೆಸರು, ಹುರುಳಿ ಹಗುರಾದದ್ದನ್ನು ಹೆಚ್ಚು ಹಿಡಿಯುತ್ತವೆ. ದನ ತಿಂದದ್ದು ಅದರ ಹಲ್ಲಿಗೆ ಸೇರುತ್ತದೆ. ಹಲ್ಲಿನ ಮೇಲಿನ ಗಟ್ಟಿ ಹೊದಿಕೆ ಮೇಲಿನಿಂದ ಬೇರಿನ ಕಡೆಗೆ ಸ್ವಲ್ಪ ಸ್ವಲ್ಪವೇ ಕಟ್ಟುತ್ತ ಹೋಗುತ್ತದೆ, ಒಮ್ಮೆ ಕಟ್ಟಿದ ಮೇಲೆ ಬದಲಾಗುವುದಿಲ್ಲ. ಕಟ್ಟಕಡೆಯ ದವಡೆಹಲ್ಲು ಕರುವಿನ ಸುಮಾರು ಒಂದು ವರ್ಷದ ಲೆಕ್ಕ ಹಿಡಿದಿಟ್ಟಿರುತ್ತದೆ. ಹಲ್ಲಿನ ವೈದ್ಯರ ಬಳಿ ಇರುವಂಥ ಸಣ್ಣ ಯಂತ್ರದಿಂದ ಮೇಲಿನಿಂದ ಕೆಳಗೆ ಅಡ್ಡಗೆರೆ ಕೊರೆದು, ಒಂದೊಂದು ಗೆರೆಯ ಪುಡಿಯನ್ನು ಬೇರೆ ಬೇರೆ ಶೀಶೆಯಲ್ಲಿ ತುಂಬಿ ಪ್ರಯೋಗಾಲಯಕ್ಕೆ ಕಳಿಸಬೇಕು. ಇಂಗಾಲದಿಂದ ಆಹಾರ ಗೊತ್ತಾಗುತ್ತದೆ. ಅದೇ ಪುಡಿಯ ಆಮ್ಲಜನಕದಿಂದ ಕುಡಿದ ನೀರು, ಅಂದರೆ ಮಳೆಗಾಲವೋ ಬೇಸಿಗೆಯೋ ಎಂಬುದು ಗೊತ್ತಾಗುತ್ತದೆ.

ಮೊದಲ ವರ್ಷ ನನ್ನ ಗೆರೆಗಳು ಸೊಟ್ಟಾಗುತ್ತಿದ್ದವು. ಎರಡನೆಯ ವರ್ಷ ವಿಭಾಗದಲ್ಲಿ ನನ್ನಷ್ಟು ನೇರ ಗೆರೆ ಎಳೆಯುವವರು ಇರಲಿಲ್ಲ. ಹೊಲದಲ್ಲಿ ಕೈಬಿತ್ತನೆ ಮಾಡಿದ ಕೈ ಅದು.

ಐದನೆಯ ವರ್ಷ ಫಲಿತಾಂಶ ಬಂದಾಗ ತೊಡಕೂ ಬಂತು. ದಿಬ್ಬದ ದನಗಳು ವರ್ಷದ ಬಹುಪಾಲು ಜೋಳದ ಜಾತಿಯದನ್ನೋ ಹುಲ್ಲನ್ನೋ ತಿಂದಿದ್ದವು. ಅದು ನಿರೀಕ್ಷೆಯಂತೆಯೇ ಇತ್ತು. ಆದರೆ ಮಳೆಗಾಲದ ಗೆರೆಗಳಲ್ಲಿ ಇಂಗಾಲ ದಿಢೀರನೆ ಹಗುರಾಗುತ್ತಿತ್ತು. ಒಂದು ಹಲ್ಲಿನಲ್ಲಲ್ಲ, ಮುಕ್ಕಾಲು ಪಾಲು ಹಲ್ಲುಗಳಲ್ಲಿ ಹೀಗೆ.

ಮಾರ್ಗದರ್ಶಕರು, ಇಂಗಾಲ ಹಗುರಾದಂತೆ ಗೆರೆ ಕೆಳಗಿಳಿಯುವ ರೇಖಾನಕ್ಷೆಯನ್ನು ತಿರುಗಿಸಿ ನೋಡಿದರು. "ಮಳೆಗಾಲದಲ್ಲಿ ಎಲ್ಲೆಲ್ಲೂ ಹುಲ್ಲು ಇರುತ್ತೆ. ಗೆರೆ ಮೇಲಕ್ಕೆ ಹೋಗಬೇಕು, ಇಲ್ಲವೇ ಸಮ ಇರಬೇಕು. ಕೆಳಕ್ಕೆ ಯಾಕೆ ಬಿತ್ತು?"

"ಗೊತ್ತಿಲ್ಲ ಸರ್."

"ನಿಮ್ಮ ಕರಿಮಣ್ಣಿನಲ್ಲಿ ಸುಣ್ಣದ ಹರಳು ಇರುತ್ತೆ. ಅದರ ಇಂಗಾಲ ಹಲ್ಲಿಗೆ ಇಳಿದಿದೆ. ಮಣ್ಣು ಮುಟ್ಟದ ಒಂದು ಹಲ್ಲು ತಂದು ಕೊರೆದು ನೋಡು. ಏನು ತಿಂದಿತ್ತು ಅಂತ ಗೊತ್ತಿರುವ ದನದ್ದು ಇರಬೇಕು."

ಅವರ ಮಾತಿನಲ್ಲಿ ತಪ್ಪಿರಲಿಲ್ಲ. ನನಗೆ ಉಳಿದಿದ್ದ ಕಾಲ ಮಾತ್ರ ಕಡಿಮೆಯಿತ್ತು. ಎರಡು ಸಲ ಅವಧಿ ವಿಸ್ತರಿಸಿ ಆಗಿತ್ತು. ಬರುವ ಬೇಸಿಗೆಯೊಳಗೆ ಪ್ರಬಂಧ ಒಪ್ಪಿಸದಿದ್ದರೆ ನೋಂದಣಿ ರದ್ದಾಗುತ್ತಿತ್ತು. ಹಲ್ಲುಗಳ ಅಧ್ಯಾಯ ಬಿದ್ದರೆ ಪ್ರಬಂಧದಲ್ಲಿ ಪೀಠಿಕೆ ಮತ್ತು ಕೃತಜ್ಞತೆ ಬಿಟ್ಟು ಏನೂ ಉಳಿಯುತ್ತಿರಲಿಲ್ಲ.

ನಮ್ಮ ಮನೆಯಲ್ಲೇ ಹುಟ್ಟಿ ಬೆಳೆದ ಒಂದು ಎತ್ತಿತ್ತು. ಅಪ್ಪ ಅದನ್ನು ಜೋಡಿಯಲ್ಲಿ ಬಲಕ್ಕೆ ಹೂಡುತ್ತಿದ್ದ. ಮುದಿಯಾಗಿ ಕೆಲಸ ಬಿಟ್ಟ ಮೇಲೂ ಮಾರಿರಲಿಲ್ಲ. ಮುಂದೆ ಅದು ಸತ್ತಾಗ ಒಂದು ಹಲ್ಲು ಬೇಕಾಗುತ್ತದೆ ಎಂದು ನಾನು ಅಂಜುತ್ತ ಅಂಜುತ್ತ ಹೇಳಿದ್ದೆ. ಅಪ್ಪ ಎದ್ದು ಎತ್ತಿನ ಹತ್ತಿರ ಹೋಗಿದ್ದ. ಕೆಲವು ತಿಂಗಳ ಮೇಲೆ ಒಂದು ಮುಂಜಾನೆ ಅವನದೇ ಫೋನ್ ಬಂತು.

"ಹಲ್ಲ ಬೇಕಂದಿದ್ದೆಲ್ಲ. ಬಾ. ಮಣ್ಣ ಮಾಡೂದರೊಳಗ ಬಾ."

ನಾನು ಹೋಗುವವರೆಗೆ ಹೊಲದಲ್ಲಿ ಕುಣಿ ತೋಡಿ ಕಾಯುತ್ತ ಕುಳಿತಿದ್ದರು. ಎತ್ತಿನ ಕೋಡಿಗೆ ಅವ್ವ ಅರಿಷಿಣ ಹಚ್ಚಿದ್ದಳು. ಅಪ್ಪ ಮುಖವನ್ನು ಆ ಕಡೆ ತಿರುಗಿಸಿಕೊಂಡು ದವಡೆ ಹಿಡಿದ, ಹಲ್ಲು ಕಿತ್ತವಳು ನಾನೇ. ಉಳಿಯ ಮೊದಲ ಏಟು ಬಿದ್ದಾಗ ಅವನು ತಿರುಗದೆಯೇ, "ನೋವಾಗಂಗಿಲ್ಲಲ್ಲ ಅದಕ?" ಎಂದ.

"ಇಲ್ಲಪ್ಪಾ."

"ಹಂಗಾರ ಲಗೂನ ಮುಗಸು."

ಮಣ್ಣು ಮಾಡಿದ ಮೂರನೆಯ ದಿನ ನಾನು ಪ್ರಶ್ನಾವಳಿ ತೆಗೆದು ಕುಳಿತೆ. ವಿಭಾಗದಲ್ಲಿ ಅಚ್ಚು ಹಾಕಿಸಿದ ಹಾಳೆ ಅದು. ಎಲ್ಲರಿಗೂ ಒಂದೇ ರೀತಿ ಕೇಳಬೇಕು, ನಮ್ಮವರು ಪರರು ಎಂಬ ಭೇದ ಮಾಡಬಾರದು ಎಂದು ನಮಗೆ ಕಲಿಸಿದ್ದರು. ನಾನು ಹೇಳಿದಂತೆ ಕೇಳುವ ಹುಡುಗಿ. ಅವ್ವನನ್ನು ಎದುರಿಗೆ ಕೂರಿಸಿಕೊಂಡು ಓದಿದೆ: "ಬೇಸಿಗೆಯಲ್ಲಿ ದನಗಳಿಗೆ ಯಾವ ಮೇವು ಹಾಕುತ್ತೀರಿ?"

ಅವ್ವ ನನ್ನ ಮುಖ ನೋಡಿದಳು. "ಕಣಿಕಿ ಹಾಕ್ತೇವ್ರಿ," ಎಂದಳು. ರೀ ಹಚ್ಚಿದ್ದು ಚೇಷ್ಟೆಗೆ. ನಾನು ನಗಲಿಲ್ಲ, ಬರೆದುಕೊಂಡೆ. ಕಣಿಕೆ ಎಂದರೆ ತೆನೆ ಕೊಯ್ದುಕೊಂಡ ಮೇಲೆ ಉಳಿಯುವ ಜೋಳದ ಒಣದಂಟು. ಹೊಲದಲ್ಲಿ ಬಣವೆ ಒಟ್ಟಿ ಇಡೀ ವರ್ಷ ಬಳಸುತ್ತಾರೆ.

"ಮಳೆಗಾಲದಲ್ಲಿ ಯಾವ ಮೇವು?"

"ಕಣಿಕೀನ ರೀ."

"ಚಳಿಗಾಲದಲ್ಲಿ?"

"ಅದೂ ಕಣಿಕೀನ ರೀ ಬಾಯಾರ. ಮೇವು ಅಂದ ಮ್ಯಾಲ ಕಣಿಕೀನ ಅಲ್ರೀ? ಮತ್ತೇನ ಬೂಂದಿ ಲಾಡು ಹಾಕೂಣೇನ್ರಿ?"

ನಮ್ಮ ಕಡೆ ಟೀಚರು, ನೌಕರಿಯ ಹೆಂಗಸರಿಗೆ ಬಾಯಾರು ಎನ್ನುತ್ತಾರೆ. ಅಪ್ಪ ಹೊರಗಿನ ಕಟ್ಟೆಯ ಮೇಲಿಂದ ನಕ್ಕದ್ದು ಕೇಳಿಸಿತು. ನಾನು ಹಾಳೆಯ ಮೂರೂ ಚೌಕಕ್ಕೆ "ಕಣಿಕೆ" ಎಂದು ತುಂಬಿ ಕೆಳಗೆ ಸಹಿ ಹಾಕಿದೆ.

ಎತ್ತಿನ ಹಲ್ಲಿನ ಫಲಿತಾಂಶ ಬರಲು ಎರಡು ತಿಂಗಳಾಯಿತು. ತೆರೆದು ನೋಡಿದರೆ ಅದೇ ತಗ್ಗು! ದಿಬ್ಬದ ದನಗಳಲ್ಲಿ ಎಲ್ಲಿ ಗೆರೆ ಬಿದ್ದಿತ್ತೋ ನಮ್ಮ ಎತ್ತಿನ ಹಲ್ಲಿನಲ್ಲೂ ಅಲ್ಲೇ ಬಿದ್ದಿತ್ತು, ಮಳೆಗಾಲದ ನಟ್ಟನಡುವೆ. ಮಣ್ಣು ಸೋಂಕದ ಹಲ್ಲಿನಲ್ಲೂ ಹೀಗೆಯೇ ಇದ್ದರೆ ಸುಣ್ಣದ ದೋಷವಲ್ಲ. ನಾನು ಕಾಗದ ಹಿಡಿದುಕೊಂಡು ಹೆಚ್ಚುಕಡಿಮೆ ಓಡುತ್ತ ಅವರ ಕೋಣೆಗೆ ಹೋದೆ.

ಅವರು ನಕ್ಷೆ ನೋಡಿದರು. ಆಮೇಲೆ ಕೈ ಚಾಚಿ, "ಪ್ರಶ್ನಾವಳಿ ಕೊಡು" ಎಂದರು. ಕೊಟ್ಟೆ.

"ವರ್ಷವೆಲ್ಲಾ ಕಣಿಕೆ ಅಂತ ನೀನೇ ಬರೆದಿದ್ದೀಯ. ಕಣಿಕೆ ಜೋಳದ್ದು. ಹಾಗಾದ್ರೆ ಈ ಗೆರೆ ಎಲ್ಲೂ ಬೀಳಬಾರದು."

ಅವರು ಪ್ರಶ್ನಾವಳಿಯನ್ನು ನನಗೆ ವಾಪಸು ಕೊಟ್ಟರು.

"ಮಣ್ಣಿನ ದೋಷ ಅಲ್ಲ ಅಂತಾಯ್ತು. ಸರಿ. ಹಾಗಾದ್ರೆ ಕೈಯ ದೋಷ ಅನ್ನಬೇಕಾಗುತ್ತೆ. ಶೀಶೆ ಅದಲುಬದಲಾಗಿರಬೇಕು, ಅಥವಾ ಕೊರೆಯುವಾಗ ಏನೋ ಸೇರಿರಬೇಕು. ಗೊತ್ತಿರುವ ದನದ ಊಟವನ್ನೇ ಸರಿಯಾಗಿ ಹೇಳದ ವಿಧಾನ ಗೊತ್ತಿಲ್ಲದ ದನದ್ದು ಹೇಗೆ ಹೇಳುತ್ತೆ? ಹೊರಗಿನ ಪರೀಕ್ಷಕರು ಕೇಳುವ ಮೊದಲ ಪ್ರಶ್ನೆ ಇದೇ. ಈ ಅಧ್ಯಾಯ ತೆಗೆದುಬಿಡು. ಮಡಕೆಚೂರುಗಳ ಮೇಲೆ ಹೊಸದಾಗಿ ಬರಿ."

ಮಡಕೆಚೂರಿನ ಮೇಲೆ ಹೊಸದಾಗಿ ಬರೆಯಲು ಎರಡು ವರ್ಷ ಬೇಕು. ನನ್ನ ಬಳಿ ಎಂಟು ತಿಂಗಳಿದ್ದವು. ಅದು ಅವರಿಗೂ ಗೊತ್ತಿತ್ತು, ಅದಕ್ಕೇ ನನ್ನ ಮುಖ ನೋಡಿ ಹೇಳಲಿಲ್ಲ. ಅವರು ಕೆಟ್ಟವರಲ್ಲ. ಲೆಕ್ಕ ಕೂಡದಿದ್ದರೆ ಅವರೇನು ಮಾಡಬೇಕು? ಆದರೆ ಕೈಯ ದೋಷ ಎಂದದ್ದು ನನಗೆ ನುಂಗಲಾಗಲಿಲ್ಲ. ನನ್ನ ಹತ್ತಿರ ಇದ್ದದ್ದು ಕೈ ಒಂದೇ. ಇಂಗ್ಲಿಷ್ ಮಾತಾಡಲು ಬರುತ್ತಿರಲಿಲ್ಲ, ಪರಿಚಯದ ದೊಡ್ಡವರಿರಲಿಲ್ಲ, ವಿಭಾಗದ ಪಡಸಾಲೆಯಲ್ಲಿ ಯಾರ ಮಗಳೆಂದು ಹೇಳಿಕೊಳ್ಳಲು ಹೆಸರಿರಲಿಲ್ಲ. ಕೈಯನ್ನು ಮಾತ್ರ ನಂಬಿ ಅಲ್ಲಿಯವರೆಗೆ ಬಂದಿದ್ದೆ.

ಶ್ರಾವಣದ ಮೊದಲ ವಾರ ಊರಿಗೆ ಹೋದೆ. ಓದು ಬಿಡಬೇಕಾಗಬಹುದು ಎಂದು ಹೇಳಲು ಹೋಗಿದ್ದೆ. ಜಿಟಿಜಿಟಿ ಮಳೆ ಎರಡು ದಿನದಿಂದ ಬಿಟ್ಟಿರಲಿಲ್ಲ. ನಮ್ಮ ಕಡೆಯ ಹಳೆಯ ಮನೆಗಳಲ್ಲಿ ಬಾಗಿಲು ದಾಟಿದೊಡನೆ ದನ ಕಟ್ಟುವ ಜಾಗ, ಅದರ ಪಕ್ಕದ ಎತ್ತರದ ಕಟ್ಟೆಯ ಮೇಲೆ ನಾವಿರುವುದು. ನಾನು ಕಟ್ಟೆಯ ಮೇಲೆ ಕುಳಿತು ಮಾತು ಹೇಗೆ ಎತ್ತಬೇಕೆಂದು ಯೋಚಿಸುತ್ತಿದ್ದೆ. ಅವ್ವ ಹಿಂದಿನ ಕತ್ತಲೆ ಕೋಣೆಯಿಂದ ತಲೆಯ ಮೇಲೊಂದು ಬುಟ್ಟಿ ಹೊತ್ತು ಬಂದು ಆಕಳ ಮುಂದಿನ ಗೋದಲಿಯಲ್ಲಿ ಸುರಿದಳು. ಕಡಲೆ ಒಕ್ಕಣೆ ಮಾಡಿ ತೂರಿದಾಗ ಉಳಿಯುವ ಹೊಟ್ಟು. ಧೂಳು ಎದ್ದು ಅವಳ ಕೂದಲೆಲ್ಲ ಬೆಳ್ಳಗಾಯಿತು. ನನಗೆ ಸೀನು ಬಂತು, ಕುತ್ತಿಗೆ ತುರಿಸಿತು. ಚಿಕ್ಕಂದಿನಲ್ಲಿ ಹೊಟ್ಟು ಹೊತ್ತ ದಿನ ಆಗುತ್ತಿದ್ದ ಅದೇ ತುರಿಕೆ. ಆ ತುರಿಕೆಯೇ ನನ್ನನ್ನು ಎಬ್ಬಿಸಿ ನಿಲ್ಲಿಸಿತು: ಕಡಲೆಯ ಇಂಗಾಲ ಹಗುರಾದದ್ದು.

"ಯವ್ವಾ, ಏನ ಹಾಕಿದಿ ಅದಕ?"

"ಕಣ್ಣ ಕಾಣ್ವೇನ? ಹೊಟ್ಟು."

"ಮತ್ತ ನಾ ಕೇಳಿದಾಗ ಮಳಿಗಾಲದಾಗೂ ಕಣಿಕಿ ಅಂದಿ?"

"ನೀ ಕೇಳಿದ್ದು ಮೇವು. ಮೇವು ಕಣಿಕೀನ."

"ಇದು ಮೇವಲ್ಲೇನ?"

"ಇದ ಹೊಟ್ಟು."

"ಬೇ, ಹೊಟ್ಟೂ ದನಾ ತಿಂತಾವಲ್ಲ! ತಿಂದ ಮ್ಯಾಲ ಅದೂ ಮೇವ ಆತಿಲ್ಲ?"

ಅವ್ವ ಬುಟ್ಟಿಯನ್ನು ನೆಲಕ್ಕೆ ಬಡಿದು ಧೂಳು ಜಾಡಿಸಿದಳು. "ಹುಚ್ಚೇನ ನಿನಗ? ಮೇವಂದ್ರ ಕಣಿಕಿ. ಹೊಟ್ಟಂದ್ರ ಹೊಟ್ಟು. ಹಿಂಡಿ ಅಂದ್ರ ಹಿಂಡಿ. ನೀ ಉಂಡಿ ಏನ ಅಂತ ಕೇಳಿದ್ರ, ಚಾ ಕುಡದದ್ದನ್ನ ಹೇಳ್ತಿ ಏನ? ದನಾ ಏನೇನ ತಿಂತಾವು ಅಂತ ಕೇಳಿದ್ರ ಹೇಳತಿದ್ದೆ. ಮೇವು ಯಾವುದು ಅಂತ ಕೇಳಿದಿ, ಹೇಳಿದೆ. ಹಾಳಿ ಹಿಡಕೊಂಡು, ಹಡದ ತಾಯಿಗೆ ರೀ ಹಚ್ಚಿ, ಅಗದಿ ಸರ್ವೇಕ್ಕ ಬಂದ ಬಾಯಾರ ಹಂಗ ಕುಂತಿದ್ದಿ!"

ಅವಳು ಬೈಯುತ್ತಿದ್ದಳು, ನಾನು ನಗುತ್ತಿದ್ದೆ. ನಮ್ಮೂರಲ್ಲಿ ಹುಟ್ಟಿದವಳು ನಾನು. ಈ ಮಾತಿನ ಭೇದ ನನಗಿಂತ ಚೆನ್ನಾಗಿ ಮೈಸೂರಿನವರಿಗೆ ಗೊತ್ತಿರಬೇಕಿತ್ತೇ? ಆರನೆಯ ಇಯತ್ತೆಗೆ ಹಾಸ್ಟೆಲ್ ಸೇರಿದಾಗ ಮೇವು ಎಂಬ ಪದ ಪುಸ್ತಕದಲ್ಲಿ ದನ ತಿನ್ನುವುದೆಲ್ಲವೂ ಆಯಿತು. ಮನೆಯಲ್ಲಿ ಅದು ಕಣಿಕೆಯಾಗಿಯೇ ಉಳಿದಿತ್ತು. ಪುಸ್ತಕದ ಅರ್ಥ ಹಿಡಿದು ಕೇಳಿದೆ, ಮನೆಯ ಅರ್ಥದಲ್ಲಿ ಉತ್ತರ ಬಂತು. ಎರಡೂ ಕಡೆಯ ಕನ್ನಡ ಬಲ್ಲವಳೆಂಬ ಸೊಕ್ಕಿನಲ್ಲಿ ಮತ್ತೊಮ್ಮೆ ಕೇಳಲಿಲ್ಲ.

"ಮಳ್ಯಾಗ ಯಾಕ ಹೊಟ್ಟು ಹಾಕ್ತಿ? ಬ್ಯಾಸಿಗ್ಯಾಗ ಯಾಕಿಲ್ಲ?" ಎಂದೆ.

"ಮಳ್ಯಾಗ ಬಣವಿ ಬಿಚ್ಚಿದ್ರ ನೀರ ಇಳದು ಪೂರಾ ಕೊಳಿತೈತಿ. ಹೊಟ್ಟು ಒಳಗ ಬೆಚ್ಚಗಿರ್ತೈತಿ. ಅದಕ ಸುಗ್ಗ್ಯಾಗ ಕೋಣಿ ತುಂಬಿ ಇಡೂದು. ಈಗ ಮಷಿನ್ ಬಂದು ಹೊಟ್ಟೆಲ್ಲಾ ಹೊಲದಾಗ ಹಾರಸ್ತೈತಿ, ನಾ ಒಬ್ಬಾಕಿ ಇನ್ನೂ ತುಂಬತೇನಿ. ಆ ಎತ್ತು ಕರು ಇದ್ದಾಗಂತೂ ಆಷಾಢ ಶ್ರಾವಣ ಎರಡೂ ತಿಂಗಳ ಹೊಟ್ಟಿನ ಮ್ಯಾಲ ಬೆಳೀತು."

"ಯವ್ವಾ, ಹಾಳೂರ ದಿಬ್ಬದ ದನದ ಹಲ್ಲಿನ್ಯಾಗೂ ಹಿಂಗ ಐತಿ. ಮಳಿಗಾಲದಾಗ ಅಷ್ಟ."

"ಅಂದ್ರ ಅವ್ರೂ ಮಳ್ಯಾಗ ಬಣವಿ ಬಿಚ್ಚತಿದ್ದಿಲ್ಲ," ಎಂದು ಅವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. "ಅದರಾಗೇನ ದೊಡ್ಡಸ್ತಿಕಿ ಐತಿ?"

ನಾನು ಹೇಳಲು ಬಂದಿದ್ದ ಮಾತನ್ನು ಹೇಳಲೇ ಇಲ್ಲ. ಕಡಲೆಯ ಹೊಟ್ಟು, ಹೆಸರಿನ ಹೊಟ್ಟು, ಕಣಿಕೆ, ಹಿಂಡಿ, ಹೊಲದಲ್ಲಿ ಕಿತ್ತು ತಂದ ಕಸ, ಎಲ್ಲವನ್ನೂ ಬೇರೆ ಬೇರೆ ಚೀಲಕ್ಕೆ ಕಟ್ಟಿ ತಂದೆ. ಅವುಗಳ ಇಂಗಾಲ ಅಳೆಯಿಸಿ, ಅವ್ವ ಹೇಳಿದ ಪ್ರಮಾಣದಲ್ಲಿ ಕೂಡಿಸಿ ಲೆಕ್ಕ ಹಾಕಿದೆ. ಎತ್ತಿನ ಹಲ್ಲಿನ ತಗ್ಗಿಗೆ ಅದು ಬಂದು ಕೂತಿತು, ನೊಗದ ಕಿಂಡಿಗೆ ಗೂಟ ಕೂತಹಾಗೆ. ಕೈಯ ದೋಷವಿರಲಿಲ್ಲ. ಕೈ ಸರಿಯಾಗಿಯೇ ಹೇಳಿತ್ತು, ಬಾಯಿ ತಪ್ಪು ಕೇಳಿತ್ತು.

ಮಾರ್ಗದರ್ಶಕರು ಲೆಕ್ಕವನ್ನು ಮೂರು ಸಲ ನೋಡಿ, "ನಿಮ್ಮೂರಿಗೆ ಹೋಗೋಣ" ಎಂದರು. ಎರೆಮಣ್ಣಿನ ಕೆಸರಿನಲ್ಲಿ ಅವರ ಒಂದು ಚಪ್ಪಲಿ ಹುಗಿದುಹೋಯಿತು. ಬರಿಗಾಲಿನಲ್ಲಿ ಹೊಟ್ಟಿನ ಕೋಣೆಯ ಮುಂದೆ ನಿಂತು ಅವ್ವನನ್ನು, "ತಾಯೀ, ಇದನ್ನು ನೀವು ಮೇವು ಅಂತ ಕರೆಯೋದೇ ಇಲ್ಲವೇ?" ಎಂದು ಕೇಳಿದರು.

"ನೀವೂ ಅದನ್ನ ಕೇಳ್ತೀರೇನ್ರಿ ಸರ್?" ಎಂದಳು ಅವ್ವ. "ಬರ್ರಿ, ಮೊದಲ ಕಾಲ ತೊಳಕೋರಿ. ಇಷ್ಟ ಓದಿದವರಿಗೆಲ್ಲಾ ಹೊಟ್ಟಿಂದ ಒಂದು ಚಿಂತಿ ಆಗೇತಿ."

ಅವರು ನಕ್ಕುಬಿಟ್ಟರು. ಅವರು ಬಾಯಿಬಿಟ್ಟು ನಕ್ಕದ್ದನ್ನು ನಾನು ಅಂದೇ ನೋಡಿದ್ದು. ವಾಪಸು ಬರುವಾಗ ಕಾರಿನಲ್ಲಿ, "ಆ ಅಧ್ಯಾಯ ತೆಗೆ ಅಂದಿದ್ದು ನನ್ನ ತಪ್ಪು" ಎಂದರು. ಅವರಂಥವರು ಹಾಗೆ ಹೇಳುವುದು ಸುಲಭವಲ್ಲ, ನಾನದನ್ನು ಮರೆತಿಲ್ಲ.

ಆಮೇಲೆ ನಾಲ್ಕು ತಿಂಗಳು ನಾನು ಕುಳಿತಲ್ಲಿ ಕೂರಲಿಲ್ಲ. ಅಣ್ಣಿಗೇರಿ, ಸಂಶಿ, ಕುಬಿಹಾಳ, ಬಸ್ಸು ಇದ್ದಲ್ಲಿ ಬಸ್ಸು, ಇಲ್ಲದಲ್ಲಿ ನಡಿಗೆ. ಪ್ರಶ್ನಾವಳಿಯಲ್ಲಿ ಮೇವು ಎಂಬ ಪದವನ್ನೇ ಹೊಡೆದುಹಾಕಿದೆ. "ಜೋರು ಮಳಿ ಹತ್ತೇತಿ, ಮುಂಜಾನೆ ಎದ್ದೀರಿ, ದನದ ಮುಂದ ಮೊದಲ ಏನ ಇಡ್ತೀರಿ?" ಎಂದು ಕೇಳಿದೆ. ಮನೆಮನೆಯಲ್ಲೂ ಹೆಂಗಸರೇ ಉತ್ತರ ಕೊಟ್ಟರು, ಹೊಟ್ಟು ಎಂದರು. ಕಲಘಟಗಿಯ ಕಡೆ ಭತ್ತದ ಹುಲ್ಲೆಂದರು, ಅದನ್ನೂ ಬೇರೆ ಬರೆದೆ. ದಿಬ್ಬದಲ್ಲಿ ಸುಟ್ಟ ಹುರುಳಿ, ಹೆಸರುಕಾಳು ಮೊದಲೇ ಸಿಕ್ಕಿದ್ದವು. ಕಾಳು ಸಿಕ್ಕಿತ್ತು, ಹೊಟ್ಟು ಸಿಕ್ಕಿರಲಿಲ್ಲ. ಗಾಳಿಗೆ ಹಾರುವ ವಸ್ತು ಮಣ್ಣಿನಲ್ಲಿ ಎಲ್ಲಿ ಉಳಿದೀತು? ಅದು ಹಲ್ಲಿನಲ್ಲಿ ಉಳಿದಿತ್ತು. ದಿಬ್ಬದ ಜನ ಬರೀ ದನ ಅಟ್ಟಿಕೊಂಡು ತಿರುಗುವವರಲ್ಲ, ಅವರು ಒಕ್ಕಣೆ ಮಾಡಿ, ಹೊಟ್ಟು ಕೂಡಿಟ್ಟು, ಮಳೆಗಾಲಕ್ಕೆ ತಯಾರಾಗುತ್ತಿದ್ದ ಒಕ್ಕಲುತನದವರು. ಹೀಗೆ ಬರೆದು ಗಡುವಿಗೆ ಹನ್ನೊಂದು ದಿನ ಮೊದಲು ಪ್ರಬಂಧ ಒಪ್ಪಿಸಿದೆ.

ಕೊನೆಯ ಮೌಖಿಕ ಪರೀಕ್ಷೆ ಎಲ್ಲರ ಎದುರಿಗೆ ನಡೆಯುತ್ತದೆ, ಯಾರು ಬೇಕಾದರೂ ಬಂದು ಕೂರಬಹುದು. ಅಪ್ಪ ಅವ್ವ ಹಿಂದಿನ ಸಾಲಿನಲ್ಲಿ ಕುಳಿತರು. ಹೊರಗಿನ ಪರೀಕ್ಷಕರು ಹಿರಿಯ ಹೆಂಗಸು, ಈ ವಿಷಯದಲ್ಲಿ ದೊಡ್ಡವರು. ಕನ್ನಡ ಬಲ್ಲವರು. ಪ್ರಬಂಧದ ತುಂಬ ಹಳದಿ ಚೀಟಿ ಅಂಟಿಸಿಕೊಂಡು ಬಂದಿದ್ದರು.

"ಹೊಟ್ಟು ಅಂತ ನೀವು ಹೇಳ್ತೀರಿ," ಎಂದರು. "ಮಳೆಗಾಲದಲ್ಲಿ ದನಗಳನ್ನ ಪಶ್ಚಿಮದ ಕಾಡಿಗೆ, ಅಳ್ನಾವರದ ಕಡೆಗೆ ಹೊಡೆದುಕೊಂಡು ಹೋಗಿ ಗಿಡದ ಸೊಪ್ಪು ಮೇಯಿಸಿದ್ದರೆ? ಸೊಪ್ಪಿನಲ್ಲೂ ಇಂಗಾಲ ಹಗುರವೇ."

ಇದು ಬರುತ್ತದೆಂದು ನನಗೆ ಗೊತ್ತಿತ್ತು. ನಾನು ಮುಂದಿನ ನಕ್ಷೆ ತೋರಿಸಿದೆ. ಸ್ಟ್ರಾನ್ಷಿಯಂ ಎಂಬ ಇನ್ನೊಂದು ಧಾತುವಿನ ಐಸೊಟೋಪುಗಳ ಪ್ರಮಾಣ ನೆಲದಿಂದ ನೆಲಕ್ಕೆ ಬೇರೆ. ದನ ಊರು ಬಿಟ್ಟರೆ ಅದರ ಗೆರೆ ಹಲ್ಲಿನಲ್ಲಿ ಬದಲಾಗುತ್ತದೆ. ನಮ್ಮ ದಿಬ್ಬದ ಹಲ್ಲುಗಳಲ್ಲಿ ಆ ಗೆರೆ ಮೇಲಿಂದ ಕೆಳಗಿನವರೆಗೆ ಹಗ್ಗ ಎಳೆದಂತೆ ನೇರವಾಗಿತ್ತು, ನಮ್ಮ ಎರೆಭೂಮಿಯದೇ ಗುರುತು. "ದನ ಊರು ಬಿಟ್ಟಿಲ್ಲ ಮೇಡಂ," ಎಂದೆ.

ಹಿಂದಿನ ಸಾಲಿನಿಂದ ಅಪ್ಪನ ದನಿ ಎದ್ದಿತು. ಪಿಸುಮಾತು ಎಂದು ಅವನು ತಿಳಿದಿದ್ದ, ಸಭೆಗೆಲ್ಲ ಕೇಳಿಸಿತು. "ಎರಿ ಹೊಲದಾಗ ಮಳಿ ಆದ ಮ್ಯಾಲ ದನಾ ಎಲ್ಲಿಗೆ ಹೋದಾವು? ಮಣಕಾಲ ಮಟ ಹುಗೀತಾವು."

ಸಭೆ ನಕ್ಕಿತು. ನನ್ನ ಮಾರ್ಗದರ್ಶಕರು ಕೆಮ್ಮಿದರು, ಚಪ್ಪಲಿ ನೆನಪಾಗಿರಬೇಕು. ಪರೀಕ್ಷಕರು ನಗದೆ, ಕತ್ತು ಚಾಚಿ ಹಿಂದಿನ ಸಾಲು ನೋಡಿದರು. "ಈ ಕಾರಣ ಪ್ರಬಂಧದಲ್ಲಿ ಇಲ್ಲ. ಸೇರಿಸಿ," ಎಂದರು. ಅವರು ಹೇಳಿದ ತಿದ್ದುಪಡಿ ಅದೊಂದೇ. ಹತ್ತು ನಿಮಿಷದ ಮೇಲೆ ಎದ್ದು ನಿಂತು ಪದವಿಗೆ ಶಿಫಾರಸು ಓದಿದರು. ಓದಿದ್ದು ಇಂಗ್ಲಿಷಿನಲ್ಲಿ.

ಚಪ್ಪಾಳೆಯ ನಡುವೆ ನಾನು ಹಿಂದಿನ ಸಾಲಿಗೆ ಹೋದೆ. ಅವ್ವ ನನ್ನ ತೋಳು ಜಗ್ಗಿದಳು. "ಏನಂದ್ರ?"

"ಪಾಸ್ ಅಂದ್ರ ಬೇ. ಡಾಕ್ಟರೇಟ್ ಆತು."

"ಆತೇನ? ಪಕ್ಕಾ?"

"ಪಕ್ಕಾ."

ಅವಳು ನನ್ನ ಮುಖದ ಮೇಲೆ ಎರಡೂ ಕೈ ಸವರಿ ತನ್ನ ತಲೆಗೆ ಒತ್ತಿ ನೆಟಿಗೆ ಮುರಿದಳು. ಅಷ್ಟರಲ್ಲಿ ಪರೀಕ್ಷಕರು ಸಾಲು ದಾಟಿ ಅವಳ ಹತ್ತಿರವೇ ಬಂದರು. ಪಕ್ಕದ ಕುರ್ಚಿ ಎಳೆದುಕೊಂಡು ಕುಳಿತು, ಒಂದು ಕಟ್ಟು ಕಣಿಕೆಗೆ ಎಷ್ಟು ಹೊಟ್ಟು, ದೊಡ್ಡ ದನಕ್ಕೆ ಎಷ್ಟು, ಕರುವಿಗೆ ಎಷ್ಟು, ನೀರು ಚಿಮುಕಿಸಿ ಹಾಕಬೇಕೋ ಒಣದೇ ಹಾಕಬೇಕೋ ಎಂದು ಒಂದೊಂದಾಗಿ ಕೇಳತೊಡಗಿದರು.

"ಹೇಳ್ತೇನಿ, ಬರಕೋರಿ," ಎಂದಳು ಅವ್ವ.

ಅವರು ಪೆನ್ನು ತೆಗೆದರು. ಅವ್ವ ಬೆರಳು ಮಡಿಸುತ್ತ ನಿಧಾನಕ್ಕೆ ಹೇಳುತ್ತ ಹೋದಳು, ಅವರು ನನ್ನ ಪ್ರಬಂಧದ ಕೊನೆಯ ಖಾಲಿ ಪುಟದಲ್ಲಿ ಬರೆದುಕೊಳ್ಳುತ್ತ ಹೋದರು. ಒಂದು ಕಡೆ ಅವ್ವ, "ಹಂಗಲ್ರಿ, ಅದನ್ನ ಹೊಡದ ಹಾಕ್ರಿ, ಒಂದೂವರಿ ಬುಟ್ಟಿ ಅಂತ ಬರೀರಿ," ಎಂದಳು. ಅವರು ಹೊಡೆದುಹಾಕಿ ಒಂದೂವರೆ ಎಂದು ತಿದ್ದಿದರು.